ಹಂಸಪಾದ

ಗ್ರಿಮ್ಸ್‌ಬಿಯ ಹಳೆ ಮೀನುಕಟ್ಟೆಯ ಹಿಂದೆ, ಲೈಬ್ರರಿಯ ಮಹಡಿಯಲ್ಲಿ
ಮಂಗಳವಾರ ಸಂಜೆ ಆರೂವರೆಗೆ ನನ್ನ ತರಗತಿ.
ಹನ್ನೊಂದು ಜನ. ಎಷ್ಟು ತಿಕ್ಕಿ ತೊಳೆದರೂ
ಬೆರಳ ಸಂದಿನಿಂದ ಹ್ಯಾಡಕ್ಕಿನ ವಾಸನೆ ಹೋಗಿರುವುದಿಲ್ಲ.
ಕಿಟಕಿ ತೆರೆದಿಡುತ್ತೇನೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಈ ವಾರದ ಪಾಠ ಫಾರ್ಮಿನ ಏಳನೆಯ ಸಾಲು:
ನೆಕ್ಸ್ಟ್ ಆಫ್ ಕಿನ್.
ಆಸ್ಪತ್ರೆ ಕೇಳುತ್ತದೆ, ಕಾರ್ಖಾನೆ ಕೇಳುತ್ತದೆ,
ಈಚೆಗೆ ಈಜುಕೊಳದವರೂ ಕೇಳುತ್ತಾರೆ.
ತೀರ ಹತ್ತಿರದ ನೆಂಟರು, ಎಂದೆ.
ನಿಮಗೆ ಏನಾದರೂ ಆದರೆ
ಮೊದಲು ಯಾರಿಗೆ ಹೇಳಿ ಕಳಿಸಬೇಕೋ ಅವರು.

ವಿಲ್ಮಾಂಟಸ್ ಬರೆದ: ನನಗೆ ನಾಲ್ಕು ನೆಕ್ಸ್ಟ್ ಆಫ್ ಕಿನ್ಸ್.
ಬಾಲದ ಎಸ್ಸನ್ನು ಹೊಡೆದುಹಾಕಿದೆ.
ಒಬ್ಬರಿರಲಿ, ಓಣಿ ತುಂಬ ಇರಲಿ,
ಈ ಮಾತು ತಾನು ಬದಲಾಗುವುದಿಲ್ಲ.
ಲೆಕ್ಕದ ಭಾರ ಕ್ರಿಯಾಪದದ ಹೆಗಲಿಗೆ:
ಒಬ್ಬರಾದರೆ ಹ್ಯಾಸ್, ಹಲವರಾದರೆ ಹ್ಯಾವ್.
ಯಾರು ಮಾಡಿದ್ದು ಈ ನಿಯಮ, ಅಂದ.
ಗೊತ್ತಿಲ್ಲ, ಅಂದೆ.
ಗೊತ್ತಿದ್ದುದನ್ನು ಹೇಳಲಿಲ್ಲ.

ನಾನಿದನ್ನು ಶಾಲೆಯಲ್ಲಿ ಕಲಿಯಲಿಲ್ಲ.
ಹತ್ತೊಂಬತ್ತಕ್ಕೆ ಹಡಗಿನ ಆಫೀಸಿನಲ್ಲಿ ಟೈಪಿಸ್ಟು.
ಜನವರಿ. ಮಾರ್ಗರಿ ಡೇಲ್ ಎಂಬ ಟ್ರಾಲರು
ಐಸ್‌ಲ್ಯಾಂಡಿನ ಬಡಗಣದಲ್ಲೆಲ್ಲೋ
ರೇಡಿಯೊದಲ್ಲಿ ಮಾತು ನಿಲ್ಲಿಸಿ ಆರು ದಿನ.
ಮಿಸ್ಟರ್ ಥ್ರಾಸ್ಲ್ ಕೋಟು ಕಳಚದೆ ನಿಂತೇ ಹೇಳಿದರು,
ನಾನು ಕುಟ್ಟಿದೆ:
ನೆಕ್ಸ್ಟ್ ಆಫ್ ಕಿನ್ ಹ್ಯಾಸ್ ಬೀನ್ ಇನ್ಫಾರ್ಮ್ಡ್.
ಹಾಳೆಯನ್ನು ಬೆಳಕಿಗೆ ಹಿಡಿದರು. ಹ್ಯಾವ್, ಅಂದರು.
ಹದಿನೇಳು ಮನೆ, ಮಗಳೇ.
ರಬ್ಬರಿನಿಂದ ಎಸ್ಸನ್ನು ಉಜ್ಜಿದೆ, ಉಜ್ಜಿದೆ,
ಕಾಗದ ತೂತಾಗುವ ತನಕ.
ಕೆಳಗಿನ ಮೂರು ಕಾರ್ಬನ್ ಪ್ರತಿಗಳಲ್ಲಿ
ಒಬ್ಬರೇ ಉಳಿದರು ಹಾಗೇ;
ಯಾವ ಕಪಾಟಿನಲ್ಲಿದ್ದಾರೋ ಈಗ.

ಲೆತೆಬ್ರಹಾನ್ ಕೊನೆಯ ಬೆಂಚಿನವಳು.
ಪೆನ್ಸಿಲನ್ನು ಮೀನು ಸೀಳುವ ಚೂರಿಯ ಹಾಗೆ ಹಿಡಿಯುತ್ತಾಳೆ.
ನೆಕ್ಸ್ಟ್ ಅನ್ನುವುದು ಈ ದೇಶದಲ್ಲಿ
ಅವಳಿಗೆ ಮೊದಲು ಕೈಹತ್ತಿದ ಮಾತು:
ಕೌಂಟರಿನ ಗಾಜಿನ ಹಿಂದಿನಿಂದ, ದಂತವೈದ್ಯರ ಬಾಗಿಲಿನಿಂದ,
ಬೆರಳಚ್ಚು ಒತ್ತಿಸುವ ಮೇಜಿನಿಂದ.
ನೆಕ್ಸ್ಟ್ ಅಂದರೆ ಏಳು, ಚೀಲ ಎತ್ತಿಕೋ,
ಇನ್ನು ನಿನ್ನ ಸರದಿ.

ಅವಳ ಪುಸ್ತಕದಲ್ಲಿ ಎರಡೇ ವಾಕ್ಯ:
ನನ್ನ ತಮ್ಮ ಕಡಲಿಗೆ ಹೋದ.
ನಾನು ನೆಕ್ಸ್ಟ್ ಆಫ್ ಕಿನ್.

ನಮ್ಮೂರಲ್ಲಿ ಕಡಲಿಗೆ ಹೋದ ಅಂದರೆ
ಕೆಲಸಕ್ಕೆ ಸೇರಿದ ಎಂದರ್ಥ;
ಅಮ್ಮಂದಿರು ಬೇಕರಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ ಸುದ್ದಿ.
ಯಾವ ದೋಣಿ, ಅಂದೆ ಅದೇ ಅಭ್ಯಾಸದಲ್ಲಿ.
ರಬ್ಬರಿಂದು, ಅಂದಳು.

ಕೆಂಪು ಪೆನ್ನಿನ ಟೋಪಿ ತೆಗೆದೆ, ಹಾಕಿದೆ, ತೆಗೆದೆ.
ಎರಡನೆಯ ವಾಕ್ಯ
ಸಂಬಂಧ ಹೇಳುತ್ತಿದೆಯೋ, ಸರದಿ ಹೇಳುತ್ತಿದೆಯೋ?
ಕೇಳಬಹುದಿತ್ತು. ಕೇಳಲಿಲ್ಲ.
ವ್ಯಾಕರಣಕ್ಕೆ ಬೇಕಾದದ್ದು ಒಂದೇ ಪದ.
ನಾನು ಎಂಬುದರ ಪಕ್ಕ, ಸಾಲಿನ ಬುಡದಲ್ಲಿ,
ಚಿಕ್ಕದೊಂದು ಹಂಸಪಾದ ಎಳೆದು
ಮೇಲೆ ಬರೆದೆ: ಅವನ.

ಇದೇನು, ಹಕ್ಕಿ ಕಾಲು?
ಹಂಸವೆಲ್ಲಿಂದ ಬರಬೇಕು ಇಲ್ಲಿಗೆ, ಕಿಟಕಿಯಾಚೆ
ಯಾರದೋ ಚಿಪ್ಸಿಗಾಗಿ ಕಿತ್ತಾಡುವ ಕಡಲಕ್ಕಿಗಳು.
ಬರೆಯುವಾಗ ಬಿಟ್ಟುಹೋದದ್ದು
ಈ ಸಂದಿನಿಂದ ಒಳಗೆ ಬರುತ್ತದೆ, ಅಂದೆ.

ಲೆತೆಬ್ರಹಾನ್ ಬಹಳ ಹೊತ್ತು ನೋಡಿದಳು.
ಬಸ್ಸಿಗೆ ಹೊತ್ತಾಯಿತೆಂದು ಉಳಿದವರು ಕುರ್ಚಿ ಸರಿಸುತ್ತಿದ್ದರು.
ಆಮೇಲೆ ಪೆನ್ನನ್ನು ನನ್ನ ಕೈಯಿಂದಲೇ ತೆಗೆದುಕೊಂಡು
ಮೊದಲ ವಾಕ್ಯಕ್ಕೆ ಮರಳಿ,
ತಮ್ಮ ಎಂಬುದರ ಪಕ್ಕ ಅಂಥದೇ ಕಾಲೊಂದನ್ನು ಊರಿ
ಮೇಲಿನ ಬಿಳಿ ಜಾಗದಲ್ಲಿ
ಒಂದೊಂದೇ ಅಕ್ಷರವಾಗಿ ಬರೆದಳು: ಕಿಫ್ಲೊಮ್.

ಸ್ಪೆಲಿಂಗ್ ಸರಿಯಾ,
ಎಂದು ನನ್ನನ್ನು ಕೇಳಿದಳು.